ಚುಕ್ಕೆಯಿಂದ ಗುರುತಿಗೆ: ಭಾರತದಲ್ಲಿ ಚಿರತೆಯ ಛಾಯಾಚಿತ್ರಣ – ಒಂದು ಚಾರಿತ್ರಿಕ ಅವಲೋಕನ

ಕನ್ನಡದಲ್ಲಿ ‘ಚುಕ್ಕೆ’ ಎಂಬ ಪದಕ್ಕೆ ಬಿಂದು ಎಂಬ ಅರ್ಥವೂ ಇದೆ, ನಕ್ಷತ್ರ ಎಂಬ ಅರ್ಥವೂ ಇದೆ. ಚಿರತೆ, ಚುಕ್ಕೆ ಜಿಂಕೆ ಮೊದಲಾದ ಪ್ರಾಣಿಗಳ ಮೈಮೇಲಿನ ಚುಕ್ಕೆಗಳು ಎಲೆಗಳ ನಡುವೆ ಸೋಸಿ ಬರುವ ಬೆಳಕಿನೊಡನೆ ಬೆರೆತು ಅವುಗಳನ್ನು ಕಣ್ಣಿನಿಂದ ಮರೆಮಾಡುತ್ತವೆ. ಪ್ರಕೃತಿಯು ಅಡಗುವುದಕ್ಕೆಂದು ನೀಡಿದ ಈ ಮೈಬಣ್ಣವೇ ಮನುಷ್ಯನ ಕೈಯಲ್ಲಿ ಚಿರತೆಗೆ ಮುಳುವಾಯಿತು. ಅದರ ತೊಗಲು ಬೆಲೆಬಾಳುವ ವಸ್ತುವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಛಾಯಾಚಿತ್ರವು ಅದೇ ಚುಕ್ಕೆಗಳಿಗೆ ಮೂರನೆಯದೊಂದು ಅರ್ಥವನ್ನು ಕೊಟ್ಟಿತು. ಪ್ರತಿಯೊಂದು ಚಿರತೆಯನ್ನೂ ಬೇರೆ ಬೇರೆಯಾಗಿ ಗುರುತಿಸಬಲ್ಲ ಬರೆಹವಾಗಿ ಅವುಗಳನ್ನು ಓದಲು ಸಾಧ್ಯವಾಯಿತು. ಈ ಪರಿವರ್ತನೆಯ ಹಂತಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

1. ಬೇಟೆಯ ಚಿತ್ರ

ಭಾರತದಲ್ಲಿ ವನ್ಯಮೃಗಗಳ ಆರಂಭಿಕ ಛಾಯಾಚಿತ್ರಗಳಲ್ಲಿ ಬಹುಪಾಲು ಸತ್ತ ಮೃಗಗಳ ಚಿತ್ರಗಳೇ ಆಗಿವೆ. ನೆಲದ ಮೇಲೆ ಚಾಚಿದ ಕಳೇಬರ, ಅದರ ಹಿಂದೆ ಬಂದೂಕು ಹಿಡಿದು ನಿಂತ ಅಧಿಕಾರಿ ಅಥವಾ ಅರಸು, ಬದಿಯಲ್ಲಿ ಹೆಸರಿಲ್ಲದ ಸೋವಿನ ಆಳುಗಳು – ಇದು ಅಂದಿನ ಸಿದ್ಧ ಮಾದರಿ. ಇದಕ್ಕೆ ತಾಂತ್ರಿಕ ಕಾರಣವೂ ಇತ್ತು. ಅಂದಿನ ಗಾಜಿನ ಫಲಕಗಳಿಗೆ ಮಬ್ಬು ಬೆಳಕಿನಲ್ಲಿ ಚಲಿಸುವ ಪ್ರಾಣಿಯನ್ನು ಹಿಡಿಯುವ ಶಕ್ತಿ ಇರಲಿಲ್ಲ. ಆದರೆ ಕಾರಣವು ಕೇವಲ ತಾಂತ್ರಿಕವಾಗಿರಲಿಲ್ಲ. ಚಿತ್ರವು ಬೇಟೆಗಾರನ ಸಾಹಸದ ದಾಖಲೆಯಾಗಿತ್ತೇ ಹೊರತು ಪ್ರಾಣಿಯ ಬದುಕಿನ ದಾಖಲೆಯಾಗಿರಲಿಲ್ಲ. ಮೈಸೂರಿನಲ್ಲಿ ವಾನ್ ಇಂಗೆನ್ ಸಂಸ್ಥೆಯು ಇಪ್ಪತ್ತನೆಯ ಶತಮಾನದುದ್ದಕ್ಕೂ ನಡೆಸಿದ ಚರ್ಮ ಹದಗೊಳಿಸಿ ತುಂಬುವ ಉದ್ಯಮವು ಇದೇ ಅಭಿರುಚಿಯ ಇನ್ನೊಂದು ಮುಖ. ಹುಲಿ ಚಿರತೆಗಳು ಅಲ್ಲಿಂದ ಅರಮನೆ, ಬಂಗಲೆಗಳ ಗೋಡೆಗಳನ್ನು ಸೇರಿದವು.

ಈ ಮಾದರಿಯ ಅತ್ಯಂತ ವಿಷಾದಕರ ನಿದರ್ಶನವೆಂದರೆ ಚೀತಾ ಪ್ರಾಣಿಯದು. 1947ರಲ್ಲಿ ಇಂದಿನ ಛತ್ತೀಸಗಢಕ್ಕೆ ಸೇರಿದ ಕೊರಿಯಾ ಸಂಸ್ಥಾನದ ಅರಸ ರಾಮಾನುಜ ಪ್ರತಾಪ ಸಿಂಗ್ ದೇವ್ ಮೂರು ಚೀತಾಗಳನ್ನು ಕೊಂದನೆಂದು ದಾಖಲಾಗಿದೆ. ಅವುಗಳ ಕಳೇಬರಗಳೊಡನೆ ಆತ ನಿಂತಿರುವ ಛಾಯಾಚಿತ್ರವು ಭಾರತದ ಚೀತಾಗಳ ಕೊನೆಯ ಖಚಿತ ಸಾಕ್ಷ್ಯವೆಂದು ಪರಿಗಣಿತವಾಗಿದೆ. 1952ರಲ್ಲಿ ಆ ಪ್ರಾಣಿಯು ದೇಶದಲ್ಲಿ ನಶಿಸಿದೆಯೆಂದು ಘೋಷಿಸಲಾಯಿತು. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ ಎಂಟು ಚೀತಾಗಳನ್ನು ತಂದು ಮಧ್ಯಪ್ರದೇಶದ ಕೂನೊದಲ್ಲಿ ಬಿಡುವವರೆಗೆ, ಈ ನೆಲದ ಚೀತಾ ಎಂದರೆ ಆ ಶವಚಿತ್ರವೇ ನೆನಪಾಗುವ ಸ್ಥಿತಿ ಇತ್ತು.

2. ರಾತ್ರಿಯ ಬೆಳಕು

ಜೀವಂತ ಪ್ರಾಣಿಯನ್ನು ಅದರ ನೆಲೆಯಲ್ಲಿಯೇ ಚಿತ್ರಿಸುವ ಪ್ರಯತ್ನಗಳು ಮೊದಲು ಬೇರೆ ಖಂಡಗಳಲ್ಲಿ ನಡೆದವು. ಅಮೆರಿಕದ ಜಾರ್ಜ್ ಶೈರಸ್ ದೋಣಿಯಲ್ಲಿ ಕುಳಿತು ರಾತ್ರಿ ವೇಳೆ ತೆಗೆದ ಚಿತ್ರಗಳನ್ನು 1906ರಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆ ಪ್ರಕಟಿಸಿತು. ಜರ್ಮನಿಯ ಕಾರ್ಲ್ ಗೇಆರ್ಗ್ ಶಿಲ್ಲಿಂಗ್ಸ್ ಪೂರ್ವ ಆಫ್ರಿಕದಲ್ಲಿ ಮಿಂಚುಪುಡಿಯ ಬೆಳಕಿನಲ್ಲಿ ತೆಗೆದ ಚಿತ್ರಗಳು 1905ರಲ್ಲಿ ಗ್ರಂಥರೂಪದಲ್ಲಿ ಬಂದವು.

ಭಾರತದಲ್ಲಿ ಈ ಕಾರ್ಯವನ್ನು ವ್ಯವಸ್ಥಿತವಾಗಿ ಕೈಗೊಂಡವನು ಸಂಯುಕ್ತ ಪ್ರಾಂತ್ಯದ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ (1893–1970). ಹಿಮಾಲಯದ ಬುಡದ ಕಾಡುಗಳಲ್ಲಿ ಪ್ರಾಣಿಗಳು ಓಡಾಡುವ ಹಾದಿಗೆ ಅಡ್ಡಲಾಗಿ ತೆಳುವಾದ ತಂತಿಯನ್ನು ಕಟ್ಟಿ, ಅದನ್ನು ಕ್ಯಾಮೆರಾಕ್ಕೂ ಮೆಗ್ನೀಸಿಯಂ ಪುಡಿಯ ದೀಪಕ್ಕೂ ಜೋಡಿಸುವುದು ಅವನ ಕ್ರಮವಾಗಿತ್ತು. ಪ್ರಾಣಿಯು ತಂತಿಯನ್ನು ತಾಗಿದೊಡನೆ ಪುಡಿಯು ಉರಿದು ಚಿತ್ರವು ಮೂಡುತ್ತಿತ್ತು. ಪುಡಿಯು ಒಮ್ಮೆ ಉರಿದರೆ ಮುಗಿಯಿತು. ಹಲವು ರಾತ್ರಿಗಳ ಕಾಯುವಿಕೆಗೆ ಒಂದು ಚಿತ್ರ ದೊರೆತರೆ ಅದೇ ಫಲ. ಅವನ ‘ವಿತ್ ಎ ಕ್ಯಾಮೆರಾ ಇನ್ ಟೈಗರ್‌ಲ್ಯಾಂಡ್’ 1927ರಲ್ಲಿ ಪ್ರಕಟವಾಯಿತು. ಬಂದೂಕಿಗೆ ಬದಲಾಗಿ ಕ್ಯಾಮೆರಾವನ್ನು ಹಿಡಿಯಬೇಕೆಂಬ ಅವನ ವಾದವು ಜಿಮ್ ಕಾರ್ಬೆಟ್‌ನಂತಹ ನುರಿತ ಬೇಟೆಗಾರನ ಮೇಲೂ ಪ್ರಭಾವ ಬೀರಿತು.

ಚಾಂಪಿಯನ್ನನ ಮಹತ್ವವು ಕೇವಲ ಮೊದಲಿಗನೆಂಬುದರಲ್ಲಿ ಇಲ್ಲ. ತಾನು ತೆಗೆದ ಚಿತ್ರಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದ ಅವನಿಗೆ, ಪಟ್ಟೆಗಳ ವಿನ್ಯಾಸದಿಂದ ಒಂದು ಹುಲಿಯನ್ನು ಮತ್ತೊಂದರಿಂದ ಬೇರ್ಪಡಿಸಬಹುದೆಂಬುದು ಹೊಳೆದಿತ್ತು. ಈ ಹೊಳಹು ವಿಧಾನವಾಗಿ ಬೆಳೆಯಲು ಸುಮಾರು ಏಳು ದಶಕಗಳೇ ಬೇಕಾದವು.

3. ಹಗಲಿನ ತಾಳ್ಮೆ: ಕರ್ನಾಟಕದ ಪರಂಪರೆ

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ದಕ್ಷಿಣ ಭಾರತದಲ್ಲಿ ಬೇರೊಂದು ಮಾರ್ಗ ರೂಪುಗೊಂಡಿತು. ತಮಿಳು ಮತ್ತು ಇಂಗ್ಲಿಷ್ ಲೇಖಕ ಎಂ. ಕೃಷ್ಣನ್ (1912–1996) 1940ರ ದಶಕದಲ್ಲಿ ಸಂಡೂರು ಸಂಸ್ಥಾನದ ಸೇವೆಯಲ್ಲಿದ್ದವರು. ತಾವೇ ಜೋಡಿಸಿಕೊಂಡ ಭಾರವಾದ ಉಪಕರಣವನ್ನು ಹಿಡಿದು, ಕಾಡಿನಲ್ಲಿ ದೊರೆಯುವ ಸಹಜ ಬೆಳಕಿನಲ್ಲಿ, ಕಪ್ಪು-ಬಿಳುಪಿನಲ್ಲಿಯೇ ಅವರು ಚಿತ್ರಗಳನ್ನು ತೆಗೆದರು. ಪ್ರಾಣಿಯು ತನ್ನ ಪಾಡಿಗೆ ತಾನಿರುವಾಗ ಹೇಗಿರುತ್ತದೆಯೋ ಹಾಗೆ ತೋರಿಸುವುದು ಅವರ ಧ್ಯೇಯವಾಗಿತ್ತು.

ಅದೇ ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆ (1931–2011) 1970ರ ದಶಕದಲ್ಲಿ ಕರ್ನಾಟಕದ ಹಣಕಾಸು ಸಚಿವರಾಗಿದ್ದವರು. ಅವರ ‘ಸನ್‌ಲೈಟ್ ಅಂಡ್ ಷ್ಯಾಡೋಸ್’ 1983ರಲ್ಲಿ ಪ್ರಕಟವಾಯಿತು. ಗ್ರಂಥದ ಹೆಸರೇ ಸೂಚಿಸುವಂತೆ ಬೆಳಕು ನೆರಳುಗಳ ಸಂಯೋಜನೆಗೆ ಅದರಲ್ಲಿ ಪ್ರಾಧಾನ್ಯ. ಬೆಂಗಳೂರಿನಲ್ಲಿ ಒ. ಸಿ. ಎಡ್ವರ್ಡ್ಸ್ ಅವರ ಬಳಿ ಕಲಿತ ಟಿ. ಎನ್. ಎ. ಪೆರುಮಾಳ್ (1932–2017) ಹಲವಾರು ಕಿರಿಯರನ್ನು ತಿದ್ದಿ ಬೆಳೆಸಿದರು. ಬೇಟೆಯ ಕುತೂಹಲದ ಸ್ಥಾನದಲ್ಲಿ ನೋಡುವ ಶಿಸ್ತನ್ನು ನೆಲೆಗೊಳಿಸಿದ್ದು ಈ ಪರಂಪರೆಯ ಕೊಡುಗೆ. ಆದರೆ ಹಗಲಿನಲ್ಲಿ ಕಾಣಸಿಗುವ ಚುಕ್ಕೆ ಜಿಂಕೆಯು ಈ ಮಾರ್ಗಕ್ಕೆ ಒದಗಿದಂತೆ ರಾತ್ರಿಸಂಚಾರಿಯಾದ ಚಿರತೆಯು ಸುಲಭವಾಗಿ ಒದಗಲಿಲ್ಲ. ಚಿರತೆಯ ಒಂದು ಒಳ್ಳೆಯ ಚಿತ್ರವು ಬಹುಕಾಲ ಅದೃಷ್ಟದ ಮಾತಾಗಿಯೇ ಉಳಿದಿತ್ತು.

4. ಚುಕ್ಕೆಗಳ ಓದು

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆಯ ಪ್ರಶ್ನೆಯು ಗಣತಿಯ ಪ್ರಶ್ನೆಯಾಗಿ ಮಾರ್ಪಟ್ಟಿತು. ಉಳಿದಿರುವ ಮೃಗಗಳೆಷ್ಟು ಎಂಬುದನ್ನು ಹೆಜ್ಜೆಗುರುತುಗಳ ಅಚ್ಚಿನಿಂದ ಲೆಕ್ಕ ಹಾಕಲಾಗುತ್ತಿತ್ತು. ಮಣ್ಣಿನ ಗುಣ, ಅಚ್ಚು ತೆಗೆಯುವವನ ಕೈ, ನೋಡುವವನ ಕಣ್ಣು – ಇವುಗಳ ಮೇಲೆ ಫಲಿತಾಂಶ ನಿಂತಿತ್ತು. ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳು ಸಂಪೂರ್ಣವಾಗಿ ಇಲ್ಲವಾಗಿರುವುದು 2005ರಲ್ಲಿ ದೃಢಪಟ್ಟಾಗ ಈ ವಿಧಾನದ ದೌರ್ಬಲ್ಯವು ಬಯಲಾಯಿತು.

ಅಷ್ಟರಲ್ಲಿ ಪರ್ಯಾಯವು ಕರ್ನಾಟಕದಲ್ಲಿಯೇ ಸಿದ್ಧವಾಗಿತ್ತು. ನಾಗರಹೊಳೆಯ ಹುಲಿಗಳ ಬಗ್ಗೆ ಕೆ. ಉಲ್ಲಾಸ ಕಾರಂತರು 1995ರಲ್ಲಿ ಪ್ರಕಟಿಸಿದ ಅಧ್ಯಯನವು ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಿಂದ ಪ್ರತ್ಯೇಕ ಪ್ರಾಣಿಗಳನ್ನು ಗುರುತಿಸಿ, ಅವು ಮತ್ತೆ ಮತ್ತೆ ಚಿತ್ರಕ್ಕೆ ಸಿಗುವ ಪ್ರಮಾಣದ ಮೇಲೆ ಸಂಖ್ಯೆಯನ್ನು ಅಂದಾಜಿಸಿತು. ಪ್ರಾಣಿಯ ಎಡಮೈ ಬಲಮೈಗಳ ವಿನ್ಯಾಸ ಒಂದೇ ಆಗಿರುವುದಿಲ್ಲವಾದ್ದರಿಂದ ಹಾದಿಯ ಎರಡೂ ಬದಿಗಳಲ್ಲಿ ಕ್ಯಾಮೆರಾಗಳನ್ನು ಇಡುವುದು ಈ ವಿಧಾನದ ಮುಖ್ಯ ಅಂಶ. ಚಿರತೆಯ ಚುಕ್ಕೆಗಳಿಂದಲೂ ಹೀಗೆಯೇ ವ್ಯಕ್ತಿಗುರುತು ಸಾಧ್ಯವೆಂಬುದನ್ನು ಶ್ರೀಲಂಕಾದ ಚಿರತೆಗಳನ್ನು ಕುರಿತ 1989ರ ಅಧ್ಯಯನವೊಂದು ತೋರಿಸಿತ್ತು. ಮಲಯ ಪರ್ಯಾಯದ್ವೀಪದ ಕರಿಚಿರತೆಗಳೂ ಈ ಓದಿನಿಂದ ಹೊರಗುಳಿಯಲಿಲ್ಲ. ಹಗಲಿನಲ್ಲಿ ಕಪ್ಪಾಗಿಯೇ ತೋರುವ ಅವುಗಳ ಚುಕ್ಕೆಗಳು ಅವಕೆಂಪು ಬೆಳಕಿನಲ್ಲಿ ಸ್ಪಷ್ಟವಾಗಿ ಮೂಡುವುದನ್ನು 2015ರಲ್ಲಿ ಪ್ರಕಟವಾದ ಸಂಶೋಧನೆ ಬಳಸಿಕೊಂಡಿತು.

‘ಚುಕ್ಕೆ’ ಪದದ ಎರಡು ಅರ್ಥಗಳು ವಿಜ್ಞಾನದಲ್ಲಿಯೂ ಒಂದೆಡೆ ಕೂಡಿದವು. ಆಕಾಶದ ನಕ್ಷತ್ರಗಳ ಸ್ಥಾನಗಳನ್ನು ಹೋಲಿಸಲು 1986ರಲ್ಲಿ ರೂಪಿಸಿದ ಗಣಿತಕ್ರಮವನ್ನು 2005ರಲ್ಲಿ ತಿಮಿಂಗಿಲ ಶಾರ್ಕಿನ ಮೈಮೇಲಿನ ಚುಕ್ಕೆಗಳನ್ನು ಹೋಲಿಸಲು ಅಳವಡಿಸಲಾಯಿತು. ಚಿರತೆಗಳ ವಿಷಯದಲ್ಲಿಯೂ ಕಣ್ಣಿನ ಕೆಲಸಕ್ಕೆ ಗಣಕಯಂತ್ರದ ನೆರವು ಇಂದು ಸಾಮಾನ್ಯವಾಗಿದೆ.

5. ಸಾಕ್ಷ್ಯ ಮತ್ತು ಅದರ ಮಿತಿ

2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಜೀವಂತ ಹುಲಿಯ ಚಿತ್ರವನ್ನೂ ವಶಪಡಿಸಿಕೊಂಡ ಹುಲಿಚರ್ಮವನ್ನೂ ಹೋಲಿಸಿ ಒಂದೇ ಪ್ರಾಣಿಯದೆಂದು ನಿರ್ಧರಿಸುವ ಕ್ರಮವನ್ನು ವಿವರಿಸಲಾಯಿತು. ಒಂದು ಕಾಲಕ್ಕೆ ಗೋಡೆಯ ಅಲಂಕಾರವಾಗಿದ್ದ ಚರ್ಮವು ಈಗ ತಾನು ಯಾವ ಕಾಡಿನ ಯಾವ ಪ್ರಾಣಿಯದೆಂದು ಹೇಳಬಲ್ಲ ಸಾಕ್ಷಿಯಾಯಿತು. ಬೇಟೆಯ ಚಿತ್ರದಿಂದ ಆರಂಭವಾದ ಚರಿತ್ರೆಯು ಇಲ್ಲಿ ಪೂರ್ಣವಾಗಿ ದಿಕ್ಕು ಬದಲಿಸಿತೆನ್ನಬಹುದು.

ನೆಲೆಯ ಕಲ್ಪನೆಯನ್ನೂ ಛಾಯಾಚಿತ್ರವು ತಿದ್ದಿದೆ. ಮಹಾರಾಷ್ಟ್ರದ ಅಕೋಲೆ ಪ್ರದೇಶದ ಕಬ್ಬಿನ ಗದ್ದೆಗಳ ನಡುವೆ ನಡೆದ ಅಧ್ಯಯನವು ನೂರು ಚದರ ಕಿಲೋಮೀಟರಿಗೆ ಸುಮಾರು ಐದು ವಯಸ್ಕ ಚಿರತೆಗಳಿರುವುದನ್ನು 2013ರಲ್ಲಿ ದಾಖಲಿಸಿತು. ದಟ್ಟ ಅರಣ್ಯವೇ ಚಿರತೆಯ ಸಹಜ ನೆಲೆ, ಊರಿನ ಬಳಿ ಕಂಡದ್ದು ದಾರಿ ತಪ್ಪಿ ಬಂದದ್ದು ಎಂಬ ರೂಢಿಯ ನಂಬಿಕೆಯನ್ನು ಇದು ಪ್ರಶ್ನಿಸಿತು. ಊರಂಚಿನಲ್ಲಿ ಕಂಡ ಚಿರತೆಯನ್ನು ಹಿಡಿದು ದೂರ ಸಾಗಿಸುವುದೇ ಪರಿಹಾರವೆಂಬ ಆಡಳಿತ ಕ್ರಮಕ್ಕೂ ಈ ಪ್ರಶ್ನೆ ಅನ್ವಯಿಸುತ್ತದೆ. ಹಿಡಿದ ಪ್ರಾಣಿಯು ಹಾನಿ ಮಾಡಿದ ಪ್ರಾಣಿಯೇ ಅಥವಾ ಅಲ್ಲಿಯೇ ಬಾಳುತ್ತಿದ್ದ ಇನ್ನೊಂದೇ ಎಂಬುದು ವ್ಯಕ್ತಿಗುರುತಿಲ್ಲದೆ ತಿಳಿಯುವಂತಿಲ್ಲ.

2022ರ ರಾಷ್ಟ್ರೀಯ ಗಣತಿಯಲ್ಲಿ 32,803 ತಾಣಗಳಲ್ಲಿ ಇರಿಸಿದ ಕ್ಯಾಮೆರಾಗಳು 4,70,81,881 ಚಿತ್ರಗಳನ್ನು ತೆಗೆದವು. ಅವುಗಳಲ್ಲಿ ಚಿರತೆಯವು 85,488. ಈ ಆಧಾರದ ಮೇಲೆ ದೇಶದಲ್ಲಿ 13,874, ಕರ್ನಾಟಕದಲ್ಲಿ 1,879 ಚಿರತೆಗಳಿವೆಯೆಂದು 2024ರ ವರದಿ ಅಂದಾಜಿಸಿತು. ಈ ಗಣತಿಯು ಚಿರತೆಯ ಸಂಭಾವ್ಯ ನೆಲೆಯ ಸುಮಾರು ಶೇಕಡ 70 ಭಾಗಕ್ಕೆ ಮಾತ್ರ ಸಂಬಂಧಿಸಿದ್ದು, ಮುಖ್ಯವಾಗಿ ಹುಲಿಯ ಕಾಡುಗಳನ್ನು ಅನುಸರಿಸಿದೆ ಎಂಬುದು ಗಮನಾರ್ಹ.

ಒಟ್ಟಿನಲ್ಲಿ, ಚುಕ್ಕೆಗಳನ್ನು ಓದಲು ಕಲಿತದ್ದು ವನ್ಯಜೀವಿ ಛಾಯಾಚಿತ್ರಣದ ನಿಜವಾದ ಸಾಧನೆ. ಅದರಿಂದ ‘ಒಂದು ಚಿರತೆ’ ಎಂಬುದು ‘ಈ ಚಿರತೆ’ ಆಯಿತು. ಅದರ ಹುಟ್ಟು, ಸಂಚಾರ, ಸಾವುಗಳಿಗೆ ದಾಖಲೆ ದೊರೆಯಿತು. ಆದರೆ ಕ್ಯಾಮೆರಾ ತಲುಪಿದಲ್ಲಿ ಮಾತ್ರ ಈ ದಾಖಲೆ ಉಂಟು. ರಕ್ಷಿತಾರಣ್ಯಗಳ ಆಚೆ ಬಯಲುಸೀಮೆಯ ಬಂಡೆಗುಡ್ಡ, ಕುರುಚಲು ಕಾಡು, ಹೊಲಗದ್ದೆಗಳನ್ನು ಆಶ್ರಯಿಸಿರುವ ಚಿರತೆಗಳಲ್ಲಿ ಹಲವು ಇನ್ನೂ ಲೆಕ್ಕದ ಹೊರಗಿವೆ. ಕಲ್ಲುಗಣಿ, ಹೆದ್ದಾರಿ, ಉರುಳುಗಳಿಂದ ಅಪಾಯವಿರುವುದು ಅವುಗಳಿಗೇ ಹೆಚ್ಚು. ಚಿತ್ರವಿಲ್ಲದ ಪ್ರಾಣಿಯು ಸತ್ತಾಗ ಅದು ಬದುಕಿತ್ತೆಂಬುದಕ್ಕೂ ಆಧಾರ ಉಳಿಯುವುದಿಲ್ಲ. ಆ ನೆಲೆಗಳನ್ನು ದಾಖಲಿಸುವುದು ಈ ಚರಿತ್ರೆಯ ಮುಂದಿನ ಅಧ್ಯಾಯವಾಗಬೇಕಾಗಿದೆ.