ಪರರ ಕೈಯಲ್ಲಿ ಉಳಿದ ಚರಿತ್ರೆ: ಚಿಮ್ಮನಚೋಡದಿಂದ ಸನ್ನತಿವರೆಗಿನ ತಾಣಗಳ ಕುರಿತು ಒಂದು ಸಂಶೋಧನಾ ಟಿಪ್ಪಣಿ

ವ್ಯಾಪ್ತಿ

ಚಿಮ್ಮನಚೋಡ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿ ಮುಲ್ಲಾಮಾರಿ ನದಿಯ ದಂಡೆಗಿರುವ ಊರು. ಮಳೆಗಾಲದಲ್ಲಿ ಮೇಲಿನ ನಾಗರಾಳ ಜಲಾಶಯದ ಗೇಟು ತೆರೆದರೆ ಇಲ್ಲಿಯ ಸೇತುವೆ ಮುಳುಗುವುದು ಊರವರಿಗೆ ಹೊಸದಲ್ಲ. ಈ ನೀರು ಚಿಂಚೋಳಿಯನ್ನು ದಾಟಿ ಕಾಗಿಣೆಯನ್ನು ಸೇರುತ್ತದೆ. ಕಾಗಿಣಾ ಸೇಡಂ ಸೀಮೆಯ ಮಳಖೇಡವನ್ನು ಮುಟ್ಟಿ, ಚಿತ್ತಾಪುರ ತಾಲ್ಲೂಕನ್ನು ಹಾದು, ಶಹಾಬಾದಿನ ಹತ್ತಿರ ಹೊನಗುಂಟದಲ್ಲಿ ಭೀಮೆಗೆ ಕೂಡುತ್ತದೆ. ಭೀಮೆಯ ಜೊತೆ ಇನ್ನೂ ಕೆಳಗೆ ಹೋದರೆ ಸನ್ನತಿ. ಚಿಂಚೋಳಿ, ಸೇಡಂ, ಚಿತ್ತಾಪುರ, ಶಹಾಬಾದ್, ವಾಡಿ ಆಡಳಿತದ ನಕ್ಷೆಯಲ್ಲಿ ಬೇರೆ ಬೇರೆ ಪಟ್ಟಣಗಳು. ನೀರಿನ ನಕ್ಷೆಯಲ್ಲಿ ಅವು ಒಂದೇ ಕಣಿವೆಯ ಊರುಗಳು.

ಪ್ರವಾಸಿ ಕೈಪಿಡಿಗಳು ಇಲ್ಲಿಯ ತಾಣಗಳನ್ನು ಬೌದ್ಧ, ಜೈನ, ಶೈವ, ವೈಷ್ಣವ ಎಂದು ವಿಂಗಡಿಸುತ್ತವೆ. ಸಿಮೆಂಟಿನ ಊರುಗಳನ್ನು ಪಟ್ಟಿಯಿಂದಲೇ ಬಿಡುತ್ತವೆ. ಈ ಟಿಪ್ಪಣಿ ಅವನ್ನು ಒಟ್ಟಿಗೆ ಇಟ್ಟು ನೋಡುತ್ತದೆ. ಹಾಗೆ ನೋಡಿದಾಗ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ಈ ಕಣಿವೆಯಲ್ಲಿ ಉಳಿದುಬಂದ ಎಷ್ಟೋ ವಸ್ತುಗಳನ್ನು ಉಳಿಸಿದವರು ಅವನ್ನು ಮಾಡಿದವರಲ್ಲ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು, ಬೇರೆ ನಂಬಿಕೆಯವರು, ಬೇರೆ ಕಾರಣಕ್ಕಾಗಿ ಕಾಪಾಡಿದ್ದಾರೆ. ಅದಕ್ಕೆ ಆಧಾರಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಸನ್ನತಿ: ಕಾಳಿಯ ಕೆಳಗಿನ ಅಶೋಕ

ಚಿತ್ತಾಪುರ ತಾಲ್ಲೂಕಿನ ಸನ್ನತಿ ಚಂದ್ರಲಾಂಬೆಯ ಕ್ಷೇತ್ರ. 1986ರಲ್ಲಿ ಆ ಗುಡಿಯ ಆವರಣದ ಕಾಳಿ ದೇಗುಲದ ಮಾಡು ಕುಸಿಯಿತು. ವಿಗ್ರಹಕ್ಕೆ ಪೀಠವಾಗಿದ್ದ ಹಾಸುಗಲ್ಲನ್ನು ಪರೀಕ್ಷಿಸಿದಾಗ ಅದರ ಎರಡೂ ಮುಖಗಳಲ್ಲಿ ಬ್ರಾಹ್ಮೀ ಲಿಪಿಯ ಬರಹ ಕಂಡಿತು. ಅದು ಅಶೋಕನ ಶಾಸನ. ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆಶಾಸನಗಳ ಭಾಗಗಳ ಜೊತೆಗೆ ಎರಡು 'ಪ್ರತ್ಯೇಕ ಶಾಸನ'ಗಳೂ ಅದರಲ್ಲಿದ್ದವು. ಪ್ರತ್ಯೇಕ ಶಾಸನಗಳು ಅದಕ್ಕೆ ಮುಂಚೆ ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಸಿಕ್ಕಿದ್ದವು. ಹೀಗಾಗಿ ಭೀಮೆಯ ದಂಡೆಯ ಒಂದು ಕಲ್ಲು ಕಳಿಂಗದ ಕಲ್ಲುಗಳ ಜೊತೆ ನೇರ ಸಂಬಂಧಕ್ಕೆ ಬಂತು.

ಆ ಕಲ್ಲಿನ ನಡುವೆ ವಿಗ್ರಹವನ್ನು ನಿಲ್ಲಿಸಲು ಕೊರೆದ ಚೌಕ ಕಂಡಿ ಇದೆ. ಕಂಡಿ ಬಿದ್ದಲ್ಲಿ ಅಕ್ಷರಗಳು ಶಾಶ್ವತವಾಗಿ ಹೋಗಿವೆ. ಆದರೆ ಪೀಠವಾಗಿದ್ದರಿಂದಲೇ ಆ ಕಲ್ಲು ಗರ್ಭಗುಡಿಯಲ್ಲಿ ಭದ್ರವಾಗಿ ಇತ್ತು. ಯಾರದೋ ಗೋಡೆಗೆ, ಕಟ್ಟೆಗೆ ಒಡೆದು ಹೋಗಲಿಲ್ಲ. ಹನ್ನೆರಡನೆಯ ಬಂಡೆಶಾಸನದ ವಿಷಯವನ್ನು ಇಲ್ಲಿ ನೆನೆಯಬೇಕು. ತನ್ನ ಮತವನ್ನು ಹೊಗಳುವ ಭರದಲ್ಲಿ ಇತರರ ಮತವನ್ನು ಹಳಿಯಬಾರದು, ಎಲ್ಲ ಪಂಥಗಳವರನ್ನೂ ಗೌರವಿಸಬೇಕು ಎಂಬುದು ಅದರ ಸಾರ. ಆ ಮಾತನ್ನು ಹೊತ್ತ ಕಲ್ಲನ್ನು ಅದನ್ನು ಓದಲಾರದ ಭಕ್ತರು ತಮ್ಮ ದೇವಿಯ ಕೆಳಗೆ ಇಟ್ಟು ಪೂಜಿಸುತ್ತ ಬಂದರು.

ಪಕ್ಕದ ಕನಗನಹಳ್ಳಿಯ ಕಥೆ ಇದಕ್ಕೆ ಪೂರಾ ಬೇರೆ. 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಇಲ್ಲಿ ಅಗೆದಾಗ ಶಾತವಾಹನರ ಕಾಲದ ಮಹಾಸ್ತೂಪ ಹೊರಬಂತು. ಅದರ ಹೆಸರು 'ಅಧೋಲೋಕ ಮಹಾಚೈತ್ಯ' ಎಂದು ಅಲ್ಲಿಯ ಬರಹಗಳೇ ಹೇಳುತ್ತವೆ. ಸಿಕ್ಕ ಫಲಕಗಳಲ್ಲಿ ಒಂದು ಅಶೋಕನದು. ರಾಣಿ ಮತ್ತು ಪರಿವಾರದ ಜೊತೆ ನಿಂತ ಅರಸನ ಉಬ್ಬುಚಿತ್ರ, ಅದರ ಮೇಲೆ 'ರಾಜ ಅಶೋಕ' ಎಂಬರ್ಥದ ಬ್ರಾಹ್ಮೀ ಬರಹ. ಅಶೋಕನ ಹೆಸರನ್ನೇ ಬರೆದು ಕೆತ್ತಿದ ಚಿತ್ರ ಎಂಬುದೇ ಅದರ ಹಿರಿಮೆ. ಶಾತವಾಹನ ಅರಸರ ಹೆಸರು ಬರೆದ ಫಲಕಗಳೂ ಇವೆ. ಇಲ್ಲಿ ಕಾಪಾಡಿದ್ದು ಮಣ್ಣು. ಸ್ತೂಪ ಕುಸಿದು ಹೂತುಹೋದ ಮೇಲೆ ಅದರ ಸುದ್ದಿಗೆ ಯಾರೂ ಹೋಗಲಿಲ್ಲ. ಹೊರಗೆ ತೆಗೆದ ಶಿಲ್ಪಗಳು ಬಹಳ ವರ್ಷ ಬಯಲಲ್ಲೂ ತಾತ್ಕಾಲಿಕ ಮಾಡಿನ ಕೆಳಗೂ ಕಾದವು. ಸ್ಥಳದ ಸಂರಕ್ಷಣೆ 2022ರಲ್ಲಿ ಚುರುಕಾಯಿತು.

ಮಳಖೇಡ: ವೈರಿಯ ಕವಿ ಬರೆದಿಟ್ಟ ತಾರೀಖು

ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಎಲ್ಲೋರದ ಕೈಲಾಸನಾಥದಂಥ ಕಟ್ಟಡವನ್ನು ಇಲ್ಲಿ ಹುಡುಕುತ್ತ ಬಂದವರು ನಿರಾಶರಾಗುತ್ತಾರೆ. ಕೈಲಾಸನಾಥ ಎಂಟನೆಯ ಶತಮಾನದ ಒಂದನೆಯ ಕೃಷ್ಣನದು, ಮಾನ್ಯಖೇಟ ರಾಜಧಾನಿಯಾಗಿ ಬೆಳಗಿದ್ದು ಒಂಬತ್ತನೆಯ ಶತಮಾನದ ಅಮೋಘವರ್ಷ ನೃಪತುಂಗನ ಕಾಲಕ್ಕೆ. ಈ ವಂಶ ಕಲ್ಲಿನಲ್ಲಿ ಬಿಟ್ಟ ಸಂಪತ್ತು ಎಲ್ಲೋರದಲ್ಲಿದೆ. ಮಾತಿನಲ್ಲಿ ಬಿಟ್ಟದ್ದು ಕಾಗಿಣೆಯ ದಂಡೆಯದು. ಕನ್ನಡದಲ್ಲಿ ದೊರೆತಿರುವ ಅತ್ಯಂತ ಹಳೆಯ ಗ್ರಂಥವಾದ 'ಕವಿರಾಜಮಾರ್ಗ' ಈ ಆಸ್ಥಾನದ ಕೃತಿ. ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದ ಆರಂಭದಲ್ಲಿ ಕೊಂಡಾಡುವುದು ಇದೇ ಅರಸನನ್ನು. ಹತ್ತನೆಯ ಶತಮಾನದಲ್ಲಿ ಪುಷ್ಪದಂತ ಅಪಭ್ರಂಶ ಭಾಷೆಯ 'ಮಹಾಪುರಾಣ'ವನ್ನು ಬರೆದು 965ರಲ್ಲಿ ಮುಗಿಸಿದ್ದು ಈ ಊರಿನಲ್ಲೇ. ಕನ್ನಡ, ಸಂಸ್ಕೃತ, ಅಪಭ್ರಂಶ ಮೂರಕ್ಕೂ ಒಂದೇ ಊರು ಮನೆಯಾಗಿತ್ತು.

972ರಲ್ಲಿ ಮಾಳವದ ಪರಮಾರ ದೊರೆ ಸೀಯಕ ಮಾನ್ಯಖೇಟವನ್ನು ಸೂರೆಮಾಡಿದ. ಈ ಕಾಲನಿರ್ಣಯಕ್ಕೆ ಒಂದು ಮುಖ್ಯ ಆಧಾರ ಸಿಗುವುದು ಒಂದು ನಿಘಂಟಿನಲ್ಲಿ. ಮಾಳವದ ಕವಿ ಧನಪಾಲ ತನ್ನ ತಂಗಿ ಸುಂದರಿಗಾಗಿ 'ಪಾಇಯಲಚ್ಛೀ' ಎಂಬ ಪ್ರಾಕೃತ ನಿಘಂಟನ್ನು ಬರೆದ. ಮಾಳವದವರು ಮನ್ನಖೇಡವನ್ನು (ಮಾನ್ಯಖೇಟವನ್ನು) ಕೊಳ್ಳೆಹೊಡೆದ ಹೊತ್ತಿನಲ್ಲಿ, ವಿಕ್ರಮ ಸಂವತ್ 1029ರಲ್ಲಿ ಅದನ್ನು ರಚಿಸಿದೆ ಎಂದು ಕೊನೆಗೆ ಹೇಳಿದ. ಒಂದು ರಾಜಧಾನಿ ಬಿದ್ದ ವರ್ಷವನ್ನು ನಮಗಾಗಿ ಉಳಿಸಿದವನು ಗೆದ್ದ ಪಕ್ಷದ ಕವಿ. ಉಳಿಸಿದ್ದು ತಂಗಿಗೆ ಪದಗಳ ಅರ್ಥ ಹೇಳುವ ಪುಸ್ತಕದಲ್ಲಿ. ಮಳಖೇಡದ ಕೋಟೆಯ ಮೇಲೆ ನಿಂತವರು ಇದನ್ನು ತಿಳಿದು ನಿಂತರೆ ಎದುರಿನ ಬಯಲು ಬೇರೆಯಾಗಿಯೇ ಕಾಣುತ್ತದೆ.

ಅರಮನೆ ಹೋದರೂ ಊರು ಪೂಜೆಯನ್ನು ಬಿಡಲಿಲ್ಲ. ಹಳೆಯ ಕಂಬಗಳುಳ್ಳ ನೇಮಿನಾಥ ಬಸದಿಯಲ್ಲಿ ಇಂದಿಗೂ ದೀಪ ಹತ್ತುತ್ತದೆ. ಕಾಗಿಣೆಯ ದಂಡೆಯಲ್ಲಿ ಮಾಧ್ವ ಪರಂಪರೆಯ ಟೀಕಾಚಾರ್ಯರಾದ ಜಯತೀರ್ಥರ ಬೃಂದಾವನಕ್ಕೆ ಉತ್ತರಾದಿ ಮಠದ ಭಕ್ತರು ಬರುತ್ತಾರೆ. ನೆರೆ ಬಂದಾಗ ನೀರು ಅಲ್ಲಿಯವರೆಗೂ ಏರುತ್ತದೆ.

ಸೇಡಂ ಮತ್ತು ನಾಗಾವಿ: ಬಸದಿ ಕಟ್ಟಿಸಿದ ಮಹಾಜನರು, ಪುಸ್ತಕ ಕಾಯ್ದ ಆರು ಮಂದಿ

ಸೇಡಂ ಶಾಸನಗಳ 'ಸೇಡಿಂಬ'. ಕಲ್ಯಾಣ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, 1124ರ ಸುಮಾರಿಗೆ, ಇಲ್ಲಿಯ ಮುನ್ನೂರು ಮಹಾಜನರು ಶಾಂತಿನಾಥ ತೀರ್ಥಂಕರನ ಬಸದಿಯನ್ನು ಕಟ್ಟಿಸಿದರೆಂದು ಶಾಸನ ಹೇಳುತ್ತದೆ. ಮಹಾಜನರೆಂದರೆ ಅಗ್ರಹಾರದ ವಿದ್ವಾಂಸ ಬ್ರಾಹ್ಮಣರು. ಈ ಸೀಮೆಯ ಜೈನ ಶಾಸನಗಳನ್ನು ಊರೂರು ಸುತ್ತಿ ಹುಡುಕಿ 1957ರ ತಮ್ಮ ಗ್ರಂಥದಲ್ಲಿ ಪ್ರಕಟಿಸಿದ ಪಿ. ಬಿ. ದೇಸಾಯಿ ಅವರ ಋಣ ನಮ್ಮ ಮೇಲಿದೆ. ಸೇಡಂ, ಅಡಕಿ, ತೆಂಗಳಿ, ಬಂಕೂರು ಮುಂತಾದ ಹೆಸರುಗಳು ಚರಿತ್ರೆಯ ಪುಟಕ್ಕೆ ಬಂದದ್ದು ಆ ಶ್ರಮದಿಂದ.

ಚಿತ್ತಾಪುರಕ್ಕೆ ಹತ್ತಿರದ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದ ಘಟಿಕಾಸ್ಥಾನವಿತ್ತು, ಅಂದರೆ ಉನ್ನತ ವಿದ್ಯಾಕೇಂದ್ರ. ಕಲ್ಯಾಣ ಚಾಲುಕ್ಯ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನ ಅದಕ್ಕೆ ದತ್ತಿ ಬಿಟ್ಟ. 1058ರ ಶಾಸನ ವೇದ ಓದುವ 200 ವಿದ್ಯಾರ್ಥಿಗಳನ್ನೂ ಶಾಸ್ತ್ರ ಓದುವ 52 ಮಂದಿಯನ್ನೂ ಲೆಕ್ಕ ಹಾಕಿದೆ. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ನನ್ನನ್ನು ಪ್ರತಿಸಲವೂ ನಿಲ್ಲಿಸುವ ಸಾಲು ಇದರ ನಂತರದ್ದು: ಪುಸ್ತಕ ಭಂಡಾರವನ್ನು ನೋಡಿಕೊಳ್ಳಲು ಆರು ಮಂದಿ 'ಸರಸ್ವತೀ ಭಂಡಾರಿಗರು'. ಓದಿಸುವವರೂ ಆರು, ಪುಸ್ತಕ ಕಾಯುವವರೂ ಆರು. ಪುಸ್ತಕವನ್ನು ಕಾಯುವುದು ಕಲಿಸುವುದಕ್ಕಿಂತ ಕಡಿಮೆಯ ಕೆಲಸವಲ್ಲ ಎಂದು ಈ ನಾಡು ಸಾವಿರ ವರ್ಷದ ಹಿಂದೆ ಸಂಬಳ ಕೊಟ್ಟು ಒಪ್ಪಿತ್ತು.

ಆ ಭಂಡಾರದ ಪುಸ್ತಕಗಳು ಇಂದಿಲ್ಲ. ಅರವತ್ತು ಕಂಬದ ಗುಡಿ ಮತ್ತು ಶಾಸನಗಳು ಉಳಿದಿವೆ. ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆ ಇಲ್ಲಿಯ ಶಾಸನಗಳಿಗಾಗಿಯೇ ಒಂದು ಸಂಪುಟವನ್ನು ಮೀಸಲಿಟ್ಟು 1928ರಲ್ಲಿ ಅಚ್ಚುಹಾಕಿಸಿತು. ಇನ್ನೊಂದೆಡೆ ಊರಿನ ಹೆಸರನ್ನು ಜನರ ಬಾಯಲ್ಲಿ ಉಳಿಸಿದವಳು ನಾಗಾವಿ ಯಲ್ಲಮ್ಮ. ಜಾತ್ರೆಗೆ ಜನ ಬಾರದಿದ್ದರೆ ಈ ದಾರಿ ಎಂದೋ ಮುಳ್ಳುಕಂಟಿಯಲ್ಲಿ ಮುಚ್ಚಿಹೋಗುತ್ತಿತ್ತು.

ಮರತೂರು: ಕೋರ್ಟಿನಲ್ಲಿ ಬದುಕಿದ ಗ್ರಂಥ

ಶಹಾಬಾದ್ ಸಮೀಪದ ಮರತೂರನ್ನು ವಿಜ್ಞಾನೇಶ್ವರನ ಊರೆಂದು ಗುರುತಿಸಲಾಗಿದೆ. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕೂತು ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ 'ಮಿತಾಕ್ಷರ'. ಬಂಗಾಳದ ಕಡೆ ಬಿಟ್ಟು ಭಾರತದ ಬಹುಭಾಗದಲ್ಲಿ ಹಿಂದೂ ಆಸ್ತಿಯ ಪಾಲುಪಟ್ಟಿಗೆ ಇದೇ ಆಧಾರವಾಯಿತು. 1810ರಲ್ಲಿ ಬ್ರಿಟಿಷ್ ವಿದ್ವಾಂಸ ಕೋಲ್‌ಬ್ರೂಕ್ ಇದರ ದಾಯವಿಭಾಗ ಪ್ರಕರಣವನ್ನು ಇಂಗ್ಲಿಷಿಗೆ ತಂದು ಕಲ್ಕತ್ತೆಯಲ್ಲಿ ಪ್ರಕಟಿಸಿದ. ಅಲ್ಲಿಂದ ಅದು ಪರದೇಶದ ನ್ಯಾಯಾಧೀಶರ ಮೇಜಿಗೆ ಏರಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಆರನೆಯ ಕಲಮಿನಲ್ಲಿ 'ಮಿತಾಕ್ಷರ' ಎಂಬ ಪದ ಇಂದಿಗೂ ಇದೆ. 2005ರ ತಿದ್ದುಪಡಿ ಆ ಕಲಮನ್ನೇ ಬದಲಿಸಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಕೊಟ್ಟಿತು. ಬಳಕೆಯಲ್ಲಿದ್ದ ಗ್ರಂಥವಾದ್ದರಿಂದಲೇ ಅದನ್ನು ತಿದ್ದುವ ಅಗತ್ಯ ಬಿತ್ತು.

ಶಹಾಬಾದ್, ವಾಡಿ: ಕಾಲ ಕೆಳಗಿನ ಕಲ್ಲು

ಈ ಕಣಿವೆಯ ಕೆಳಭಾಗವೆಲ್ಲ ಸುಣ್ಣಕಲ್ಲು. ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹ ಎನ್ನುವ ಈ ಪದರಗಳು ನೆಲದ ಮೇಲೆ ಗಿಡಮರ ಹುಟ್ಟುವುದಕ್ಕೂ ಮುಂಚೆ, ಆಳವಿಲ್ಲದ ಕಡಲಿನಲ್ಲಿ ಕೂಡಿಕೊಂಡವು. ಪದರ ಪದರವಾಗಿ ಏಳುವುದು ಇದರ ಗುಣ. ಖಣಿಯಲ್ಲಿ ಉಳಿ, ಸುತ್ತಿಗೆ, ಹಾರೆ ಹಿಡಿದ ಕೈಗಳು ಅದನ್ನು ಹಲಗೆಯ ಹಾಗೆ ಬಿಡಿಸುತ್ತವೆ. ಅದೇ ಶಹಾಬಾದ್ ಫರಸಿ. ನಾಡಿನ ಸಾವಿರಾರು ಮನೆ, ಶಾಲೆ, ಸ್ಟೇಷನ್ನುಗಳ ನೆಲ ಈ ಕಲ್ಲಿನದು. ಗಡಿಯಾಚೆ ತೆಲಂಗಾಣದ ತಾಂಡೂರು ಕಲ್ಲು ಇದರ ಸೋದರ.

1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ವಾಡಿಗೆ ಬಂದು ಮುಂಬೈ ಹಾದಿಗೆ ಕೂಡಿದ ಮೇಲೆ ಈ ಸೀಮೆ ದೂರದ ಊರುಗಳಿಗೆ ತೆರೆದುಕೊಂಡಿತು. ಇದೇ ಸುಣ್ಣಕಲ್ಲನ್ನು ನಂಬಿ ಶಹಾಬಾದ್, ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಎದ್ದವು. ಕನಗನಹಳ್ಳಿಯ ಶಿಲ್ಪಿ ಅಶೋಕನನ್ನು ಕೆತ್ತಿದ್ದು ಇದೇ ಜಾತಿಯ ಸುಣ್ಣಕಲ್ಲಿನಲ್ಲಿ. ನಯವಾದ ಈ ಕಲ್ಲು ಉಳಿಗೆ ಬೇಗ ಬಗ್ಗುತ್ತದೆ, ಮಳೆಗೂ ಬೇಗ ಸೋಲುತ್ತದೆ. ಕಲ್ಲು ಒಂದೇ ಆದ್ದರಿಂದ ಖಣಿ, ಕಾರ್ಖಾನೆ, ಸ್ತೂಪ ಮೂರನ್ನೂ ಒಂದೇ ದಿನ ನೋಡಬೇಕೆಂದು ಬರುವವರಿಗೆ ನಾನು ಹೇಳುತ್ತೇನೆ.

ಚಿಂಚೋಳಿ: ನೀರು ಇಳಿದು ಬರುವ ಕಡೆ

ಮೇಲಿನ ಚಿಂಚೋಳಿ ಬೇರೆ ನೆಲ. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಆದ ಕಪ್ಪುಶಿಲೆ, ಅದರ ನೆತ್ತಿಯ ಮೇಲೆ ಕೆಂಪು ಜಂಬಿಟ್ಟಿಗೆ. ಕುಂಚಾವರಂ ಕಾಡು, ಚಂದ್ರಂಪಳ್ಳಿ ಜಲಾಶಯ, ಎತ್ತಿಪೋತ ಜಲಪಾತ, ಗೊಟ್ಟಂಗೊಟ್ಟ ಎಲ್ಲವೂ ಈ ಕಡೆಯವು. 2011ರಲ್ಲಿ 134.88 ಚದರ ಕಿಲೋಮೀಟರ್ ಕಾಡನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಒಣಭೂಮಿಯ ಕಾಡು ಎಂದು ಇದಕ್ಕೆ ಹೆಸರು. ಇದರ ಅಂಚಿನ ಲಂಬಾಣಿ ತಾಂಡಾಗಳ ಬದುಕಿಗೂ ಈ ಕಾಡಿಗೂ ಬಿಡದ ನಂಟು. ತೊಗರಿ ಹೊಲಗಳು ಹಳದಿ ಹೂ ಬಿಡುವ ಮಳೆಗಾಲದ ನಂತರದ ತಿಂಗಳುಗಳು ಇಲ್ಲಿಗೆ ಬರಲು ಒಳ್ಳೆಯವು. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಗುಲಬರ್ಗಾ ತೊಗರಿ ಬೇಳೆಯ ರುಚಿಗೆ ಈ ಮಣ್ಣಿನಲ್ಲಿರುವ ಸುಣ್ಣದ ಅಂಶವೇ ಒಂದು ಕಾರಣವೆಂದು ಹೇಳಲಾಗುತ್ತದೆ.

ಆಕ್ಷೇಪ ಮತ್ತು ನಿಲುವು

ಒಬ್ಬರು ಮಾಡಿದ್ದನ್ನು ಪರರು ಉಳಿಸಿದರು ಎಂಬ ಈ ಟಿಪ್ಪಣಿಯ ವಾದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಪರರ ಬಳಕೆ ಉಳಿಸುವಷ್ಟೇ ಅಳಿಸುತ್ತದೆ. ಸನ್ನತಿಯ ಕಲ್ಲಿನ ಕಂಡಿಯೇ ಅದಕ್ಕೆ ಸಾಕ್ಷಿ. ಅದನ್ನು ಒಪ್ಪಬೇಕು. ಆದರೆ ಆ ಕಂಡಿ ಕೊರೆದವರಿಗೆ ಅಕ್ಷರ ತಿಳಿದಿರಲಿಲ್ಲ. ನಮಗೆ ತಿಳಿದಿದೆ. ಅವರಿಗೆ ಸಲ್ಲುವ ಕ್ಷಮೆ ನಮಗೆ ಸಲ್ಲದು.

ಹಾಗಾಗಿ ಮಾಡಬೇಕಾದ ಕೆಲಸ ದೊಡ್ಡ ಕಟ್ಟಡಗಳಿಂದ ಶುರುವಾಗಬೇಕಿಲ್ಲ. ಈ ಕಣಿವೆಯ ಅನೇಕ ಊರುಗಳಲ್ಲಿ ಹನುಮಂತನ ಗುಡಿಯ ಮುಂದೆ, ಕಟ್ಟೆಯ ಬುಡದಲ್ಲಿ, ಹೊಲದ ಬದುವಿನಲ್ಲಿ ಶಾಸನಗಲ್ಲು, ವೀರಗಲ್ಲುಗಳು ನಿಂತಿವೆ. ಎಣ್ಣೆ ಸುರಿದು, ಸುಣ್ಣ ಬಳಿದು, ಆಯಿಲ್ ಪೇಂಟ್ ಹಚ್ಚಿ ನಾವು ಅಕ್ಷರ ಮುಚ್ಚುತ್ತೇವೆ. ಪೂಜೆ ನಡೆಯಲಿ, ಬರಹವಿರುವ ಮುಖಕ್ಕೆ ಮಾತ್ರ ಬಣ್ಣ ಬೇಡ. ಗುಡಿ ಜೀರ್ಣೋದ್ಧಾರಕ್ಕೆ ಜೆಸಿಬಿ ಬರುವ ಮುನ್ನ ಒಮ್ಮೆ ಕಲ್ಲನ್ನು ತಿರುಗಿಸಿ ನೋಡಲಿ. ಫೋಟೊ ತೆಗೆದು ಪುರಾತತ್ತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಕನ್ನಡ, ಇತಿಹಾಸ ವಿಭಾಗಕ್ಕೋ ತಲುಪಿಸಲಿ. ಪ್ರತಿ ತಾಣದಲ್ಲಿ ಶಾಸನದ ಸಾರವನ್ನು ಊರಿನ ಮಕ್ಕಳು ಓದಬಲ್ಲ ಕನ್ನಡದಲ್ಲಿ ಬರೆದ ಫಲಕ ನಿಲ್ಲಲಿ.

ನಾಗಾವಿಯಲ್ಲಿ ಪುಸ್ತಕ ಕಾಯಲು ಆರು ಮಂದಿ ಇದ್ದರು. ಚಿಮ್ಮನಚೋಡದಿಂದ ಸನ್ನತಿವರೆಗೆ ಒಂದೊಂದು ಊರಿನಲ್ಲಿ ಕಲ್ಲು ಕಾಯುವವರು ಒಬ್ಬೊಬ್ಬರು ಸಿಕ್ಕರೂ ಈ ಕಣಿವೆಯ ಭಂಡಾರ ಮತ್ತೆ ತೆರೆಯುತ್ತದೆ.