ವಿಳಾಸ ನೆನಪಿಟ್ಟುಕೊಳ್ಳೋರು ಯಾರು?

ಎಲೆಕ್ಟ್ರಾನಿಕ್ಸ್ ಓದಿದವರಿಗೆ ಒಂದು ಚಿತ್ರ ನೆನಪಿರುತ್ತೆ. ಈ ಕಡೆ 8051 ಮೈಕ್ರೋಕಂಟ್ರೋಲರ್, ಆ ಕಡೆ ಮೆಮೊರಿ, ನಡುವೆ 74ಎಲ್‌ಎಸ್373 ಅನ್ನೋ ಚಿಪ್ಪು. ಪರೀಕ್ಷೆಗೆ ಬಾಯಿಪಾಠ ಮಾಡಿ ಬರೆದು ಬಂದವರೇ ಹೆಚ್ಚು. ಆ ಚಿಪ್ಪು ಅಲ್ಲಿ ಯಾಕೆ ಕೂತಿದೆ ಅಂತ ತಿಳೀಬೇಕಾದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1971ರಲ್ಲಿ ಬಂದ ಇಂಟೆಲ್ 4004 ಪ್ರೊಸೆಸರ್‌ಗೆ ಇದ್ದಿದ್ದು 16 ಪಿನ್ ಮಾತ್ರ. ಪಿನ್ ಹೆಚ್ಚಾದಷ್ಟೂ ಚಿಪ್ಪೂ ದುಬಾರಿ, ಬೋರ್ಡೂ ದುಬಾರಿ. 12 ಬಿಟ್ ವಿಳಾಸ ಹೊರಗೆ ಹೋಗಬೇಕು, 8 ಬಿಟ್ ಇನ್‌ಸ್ಟ್ರಕ್ಷನ್ ಒಳಗೆ ಬರಬೇಕು, ದಾರಿಗೆ ನಾಲ್ಕೇ ತಂತಿ. ಒಂದೇ ಕಾಲುವೆಯಲ್ಲಿ ಸರದಿ ಮೇಲೆ ನೀರು ಹಾಯಿಸಿದ ಹಾಗೆ ಮಾಡಿದರು: ವಿಳಾಸ ಮೂರು ಕಂತಲ್ಲಿ ಹೋಗೋದು, ಅದೇ ತಂತಿಗಳಲ್ಲಿ ಇನ್‌ಸ್ಟ್ರಕ್ಷನ್ ಎರಡು ಕಂತಲ್ಲಿ ಬರೋದು. ಆದರೆ ಇನ್‌ಸ್ಟ್ರಕ್ಷನ್ ಬರೋ ಹೊತ್ತಿಗೆ ತಂತಿ ಮೇಲೆ ವಿಳಾಸ ಇರಲ್ಲ. ಅದನ್ನ ಯಾರೋ ಹಿಡಿದಿಟ್ಟುಕೊಂಡಿರಬೇಕು. ಆ ಕೆಲಸವನ್ನ 4004ರ ಜತೆಗೇ ಬಂದ 4001 ಮೆಮೊರಿ ಚಿಪ್ಪು ತಾನೇ ಮಾಡ್ತಿತ್ತು.

1980ರಲ್ಲಿ 8051 ಬಂತು. 40 ಪಿನ್, ಒಳಗೇ 4 ಕಿಲೋಬೈಟ್ ರಾಮ್ ಅಲ್ಲ, ರಾಮ್ 128 ಬೈಟ್ ಮಾತ್ರ. 4 ಕಿಲೋಬೈಟ್ ಇದ್ದಿದ್ದು ರೋಮ್. ಆ ರೋಮ್‌ನೊಳಗಿನ ಪ್ರೋಗ್ರಾಮ್ ಕಾರ್ಖಾನೆಯಲ್ಲೇ ಅಚ್ಚಾಗಬೇಕು. ದೊಡ್ಡ ಆರ್ಡರ್ ಕೊಡೋರಿಗಷ್ಟೇ ಅದು ಗಿಟ್ಟುತ್ತೆ. ಕಡಿಮೆ ಸಂಖ್ಯೆಯಲ್ಲಿ ಮಾಡೋರಿಗೆ ರೋಮ್ ಇಲ್ಲದ 8031 ಇತ್ತು. ಹೊರಗೆ ಒಂದು ಇಪಿರೋಮ್ ಜೋಡಿಸಿಕೊಂಡರಾಯ್ತು. ಈ ಇಪಿರೋಮ್ ಯಾವ ಕಂಪನಿಯದ್ದಾದರೂ ನಡೀತಿತ್ತು, ಆದರೆ ಅದಕ್ಕೆ ವಿಳಾಸ ನೆನಪಿರಲ್ಲ. ಕೆಲಸ ಮುಗಿಯೋ ತನಕ ಕಣ್ಣೆದುರು ಹಿಡಿದಿರಬೇಕು. ವಿಳಾಸದ ಕೆಳಗಿನ 8 ಬಿಟ್ಟಿಗೂ ಡೇಟಾಗೂ ಇರೋದು ಒಂದೇ ಪೋರ್ಟ್ 0. ಅದಕ್ಕೇ ನಡುವೆ 373, ಅಂದ್ರೆ ಲ್ಯಾಚ್, ನಮ್ಮ ಮಾತಲ್ಲಿ ಚಿಲಕ. ಎಎಲ್‌ಇ ಸಿಗ್ನಲ್ ಇಳಿದ ಕೂಡಲೇ ವಿಳಾಸ ಅದರೊಳಗೆ ಭದ್ರ. ಆಮೇಲೆ ಪಿಎಸ್‌ಇಎನ್ ಇಳಿಯುತ್ತೆ, ಇಪಿರೋಮ್ ತನ್ನ ಬೈಟನ್ನ ಅದೇ ತಂತಿಗಳ ಮೇಲೆ ಇಡುತ್ತೆ.

ಇದಕ್ಕೆ ತೆತ್ತ ಬೆಲೆ ನೋಡಿ. 32 ಐ/ಓ ಪಿನ್‌ಗಳಲ್ಲಿ 16 ಬಸ್ಸಿಗೇ ಹೋದವು. ಹೊರಗಡೆ ರಾಮ್ ಕೂಡ ಬೇಕಂದ್ರೆ ಓದೋಕೆ, ಬರೆಯೋಕೆ ಇನ್ನೆರಡು. ಉಳಿದಿದ್ದು 14.

1990ರ ದಶಕದಲ್ಲಿ ಎಟಿ89ಸಿ51 ಥರದ ಚಿಪ್ಪುಗಳ ಒಳಗೇ ಫ್ಲಾಶ್ ಬಂತು. ಎಷ್ಟೋ ಬೋರ್ಡುಗಳಿಂದ 373 ಜಾಗ ಖಾಲಿ ಮಾಡ್ತು. ಹಾಗಂತ ಆ ಪಾಠ ಹಳೇದಾಯ್ತಾ?

ಇವತ್ತಿನ ಇಎಸ್‌ಪಿ32 ಬೋರ್ಡುಗಳಲ್ಲಿ ಪ್ರೋಗ್ರಾಮ್ ಸಾಮಾನ್ಯವಾಗಿ ಬೇರೆಯೇ ಫ್ಲಾಶ್ ಚಿಪ್ಪಿನಲ್ಲಿರುತ್ತೆ. ಕ್ವಾಡ್ ಮೋಡಿನಲ್ಲಿ ಡೇಟಾ ಬರೋದು ನಾಲ್ಕು ತಂತಿಗಳಲ್ಲಿ. ಮೊದಲು ವಿಳಾಸ, ಆಮೇಲೆ ಡೇಟಾ. ವಿಳಾಸ ನೆನಪಿಟ್ಟುಕೊಳ್ಳೋದು ಮತ್ತೆ ಮೆಮೊರಿ ಚಿಪ್ಪೇ, 4001ರ ಹಾಗೆ. 373 ಕಾಣಿಸ್ತಿಲ್ಲ, ಅದರ ಕೆಲಸ ಫ್ಲಾಶ್ ಒಳಗೆ ನಡೀತಿದೆ.

ಬೇಕಾದ ಕೋಡು ಕ್ಯಾಶ್‌ನಲ್ಲಿ ಇಲ್ಲದಿದ್ದರೆ ಪ್ರೊಸೆಸರ್ ಆ ಇಕ್ಕಟ್ಟಿನ ದಾರಿಯಲ್ಲಿ ಕಾಯಲೇಬೇಕು. ತಡ ಸಹಿಸದ ಇಂಟರಪ್ಟ್ ಕೋಡನ್ನ ಒಳಗಿನ ರಾಮ್‌ನಲ್ಲಿಡಿ ಅನ್ನೋದು ಇದಕ್ಕೇ. ಆ ಹಳೇ ಚಿತ್ರ ಅರ್ಥ ಆದವನಿಗೆ ಈ ಮಾತನ್ನ ಯಾರೂ ಬಾಯಿಪಾಠ ಮಾಡಿಸಬೇಕಿಲ್ಲ.