ಭದ್ರಾವತಿಯ ಇದ್ದಿಲಿನಿಂದ ಹಸಿರು ಉಕ್ಕಿನವರೆಗೆ

ಉರ್ದುವಿನಲ್ಲಿ ನಾವು ‘ಫೌಲಾದ್’ ಎನ್ನುವ ಲೋಹಕ್ಕೆ ಕನ್ನಡದಲ್ಲಿ ‘ಉಕ್ಕು’ ಎನ್ನುತ್ತೇವೆ. ದಕ್ಷಿಣ ಭಾರತದ ಮೂಸೆಯುಕ್ಕು ಒಂದು ಕಾಲದಲ್ಲಿ ಪಶ್ಚಿಮ ಏಷ್ಯಾಕ್ಕೆ ಹೋಗಿ ಹೆಸರಾಂತ ಖಡ್ಗಗಳಾಗುತ್ತಿತ್ತು. ಯುರೋಪಿನವರು ಅದನ್ನು ‘ವೂಟ್ಜ್’ ಎಂದು ಕರೆದರು. ಆ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂದಿರಬೇಕೆಂದು ಹಲವು ವಿದ್ವಾಂಸರ ಅಭಿಪ್ರಾಯ. ಜಗತ್ತಿಗೆ ಉಕ್ಕಿನ ಹೆಸರನ್ನೇ ಕೊಟ್ಟ ನಾಡಿನವರಾದ ನಾವು, ಇಂದು ಎಲ್ಲೆಡೆ ಕೇಳಿಬರುತ್ತಿರುವ ‘ಹಸಿರು ಉಕ್ಕು’ ಎಂದರೇನು ಎಂಬುದನ್ನು ತಿಳಿಯಬೇಡವೇ?

ಮೊದಲು ಸ್ವಲ್ಪ ವಿಜ್ಞಾನ. ಭೂಮಿಯಲ್ಲಿ ಕಬ್ಬಿಣವು ಆಮ್ಲಜನಕದೊಡನೆ ಬೆರೆತು ಅದಿರಿನ ರೂಪದಲ್ಲಿರುತ್ತದೆ. ಈ ಅದಿರಿನಿಂದ ಕಬ್ಬಿಣವನ್ನು ಬಿಡಿಸಲು ಎರಡು ಕೆಲಸಗಳಾಗಬೇಕು. ಒಂದು, ಅದಿರನ್ನು ವಿಪರೀತವಾಗಿ ಕಾಯಿಸಬೇಕು. ಇನ್ನೊಂದು, ಅದರಲ್ಲಿರುವ ಆಮ್ಲಜನಕವನ್ನು ಕಿತ್ತು ತೆಗೆಯಬೇಕು. ಸಾವಿರಾರು ವರ್ಷಗಳಿಂದ ಈ ಎರಡೂ ಕೆಲಸಗಳನ್ನು ಇಂಗಾಲವೊಂದೇ ಮಾಡಿಕೊಂಡು ಬಂದಿದೆ. ಅದು ಉರಿದು ಶಾಖ ಕೊಡುತ್ತದೆ, ಆಮ್ಲಜನಕವನ್ನೂ ಸೆಳೆದುಕೊಂಡು ಇಂಗಾಲದ ಡೈ ಆಕ್ಸೈಡ್ ಆಗಿ ಹೊರಹೋಗುತ್ತದೆ.

ಮೊದಲು ಈ ಇಂಗಾಲ ದೊರೆಯುತ್ತಿದ್ದುದು ಮರದ ಇದ್ದಿಲಿನಿಂದ. 1709ರಲ್ಲಿ ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ ಎಂಬಾತ ಇದ್ದಿಲಿನ ಬದಲು ಕಲ್ಲಿದ್ದಲಿನಿಂದ ತಯಾರಿಸಿದ ಕೋಕ್ ಬಳಸಿ ಊದುಕುಲುಮೆ ನಡೆಸಿ ಯಶಸ್ವಿಯಾದನು. ಕೈಗಾರಿಕಾ ಕ್ರಾಂತಿಯ ಬಾಗಿಲು ತೆರೆದ ಘಟನೆಗಳಲ್ಲಿ ಇದೂ ಒಂದು. ಆದರೆ ಅದೇ ಬಾಗಿಲಿನಿಂದ ಹೊಗೆಯೂ ಒಳಬಂತು. ಇಂದು ಜಗತ್ತು ವರ್ಷಕ್ಕೆ ಸುಮಾರು 190 ಕೋಟಿ ಟನ್ ಉಕ್ಕು ತಯಾರಿಸುತ್ತದೆ. ಮನುಷ್ಯರಿಂದ ವಾತಾವರಣ ಸೇರುವ ಇಂಗಾಲದ ಡೈ ಆಕ್ಸೈಡಿನಲ್ಲಿ ಶೇಕಡಾ 7ರಿಂದ 8ರಷ್ಟು ಈ ಒಂದು ಉದ್ಯಮದಿಂದಲೇ ಬರುತ್ತದೆ.

ಇನ್ನು ನಮ್ಮ ನಾಡಿಗೆ ಬರೋಣ. ಮೈಸೂರು ಸಂಸ್ಥಾನದಲ್ಲಿ ಒಳ್ಳೆಯ ಅದಿರು ಇತ್ತು, ಕಲ್ಲಿದ್ದಲು ಇರಲಿಲ್ಲ. ಬಂಗಾಳ, ಬಿಹಾರಗಳ ಗಣಿಗಳಿಂದ ತರಿಸುವುದು ದುಬಾರಿ. ಆದರೂ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1918ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಗೆ ಅಡಿಪಾಯ ಬಿತ್ತು. 1923ರಲ್ಲಿ ಬೀಡುಕಬ್ಬಿಣದ ಉತ್ಪಾದನೆ ಆರಂಭವಾಯಿತು. ಅದಿರು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಮಲೆನಾಡಿನ ಕಾಡಿನಿಂದ! ಸೌದೆಯನ್ನು ಸುಮ್ಮನೆ ಸುಡದೆ, ಅದರಿಂದ ಇದ್ದಿಲಿನ ಜೊತೆಗೆ ಮದ್ಯಸಾರ, ಡಾಂಬರು ಮುಂತಾದ ಉಪಪದಾರ್ಥಗಳನ್ನೂ ಪಡೆಯುವ ದೊಡ್ಡ ಘಟಕವೊಂದು ಅಲ್ಲಿತ್ತು.

ಇದ್ದಿಲಿನ ಕಬ್ಬಿಣದಲ್ಲಿ ಗಂಧಕದ ಅಂಶ ಕಡಿಮೆ, ಆದುದರಿಂದ ಗುಣಮಟ್ಟ ಉತ್ತಮ. ಬೆಳೆಯುವ ಮರ ಗಾಳಿಯಿಂದ ಹೀರಿದ ಇಂಗಾಲವೇ ಮತ್ತೆ ಗಾಳಿಗೆ ಸೇರುವುದರಿಂದ ಇದನ್ನು ಹಸಿರು ಎನ್ನಬಹುದಲ್ಲವೇ ಎಂದು ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ ನನ್ನನ್ನು ಕೇಳಿದ್ದುಂಟು. ಪ್ರಶ್ನೆ ಜಾಣತನದ್ದೇ. ಆದರೆ ಒಂದು ಟನ್ ಇದ್ದಿಲಿಗೆ ನಾಲ್ಕೈದು ಟನ್ ಸೌದೆ ಬೇಕು. ಕಡಿದಷ್ಟೇ ವೇಗದಲ್ಲಿ ಕಾಡು ಮರಳಿ ಬೆಳೆದರೆ ಮಾತ್ರ ಆ ಲೆಕ್ಕ ಸರಿಹೋಗುತ್ತದೆ. ಕುಲುಮೆಗೆ ದಿನವೂ ಹಸಿವು, ಮರಕ್ಕೆ ಬೆಳೆಯಲು ದಶಕಗಳೇ ಬೇಕು. ಭದ್ರಾವತಿಯ ಸುತ್ತಲಿನ ಕಾಡುಗಳು ಆ ಬೆಲೆಯನ್ನು ತೆತ್ತವು.

ಎರಡನೆಯ ಹೆಜ್ಜೆ ಇನ್ನೂ ಸ್ವಾರಸ್ಯವಾದುದು. 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. ಅದರ ಬಲದಿಂದ 1950ರ ದಶಕದಲ್ಲಿ ಭದ್ರಾವತಿಯಲ್ಲಿ ನಾರ್ವೆ ದೇಶದ ಮಾದರಿಯ ವಿದ್ಯುತ್ ಕುಲುಮೆಗಳು ಬಂದವು. ಇಲ್ಲಿ ಅದಿರನ್ನು ಕಾಯಿಸುವ ಕೆಲಸ ವಿದ್ಯುತ್ತಿನದು. ಆಮ್ಲಜನಕವನ್ನು ಕೀಳಲು ಮಾತ್ರ ಇಂಗಾಲ ಬೇಕಾಯಿತು. ಹೀಗೆ ಇಂಗಾಲದ ಎರಡು ಕೆಲಸಗಳಲ್ಲಿ ಒಂದನ್ನು ಶರಾವತಿಯ ನೀರು ವಹಿಸಿಕೊಂಡಿತು. ಆಗ ವಾತಾವರಣದ ಚಿಂತೆ ಯಾರಿಗೂ ಇರಲಿಲ್ಲ, ಕಲ್ಲಿದ್ದಲಿನ ಕೊರತೆಯೇ ಈ ಜಾಣತನವನ್ನು ಕಲಿಸಿತು.

ಉಳಿದ ಇನ್ನೊಂದು ಕೆಲಸವನ್ನು ಇಂಗಾಲದಿಂದ ಬಿಡಿಸುವ ಪ್ರಯತ್ನವೇ ಇಂದಿನ ಹಸಿರು ಉಕ್ಕು. ಸ್ವೀಡನ್ನಿನ ಮೂರು ಕಂಪನಿಗಳು 2016ರಲ್ಲಿ ‘ಹೈಬ್ರಿಟ್’ ಎಂಬ ಯೋಜನೆ ಆರಂಭಿಸಿದವು. ನೀರನ್ನು ವಿದ್ಯುತ್ತಿನಿಂದ ಒಡೆದು ಜಲಜನಕ ಪಡೆಯುವುದು, ಆ ಜಲಜನಕದಿಂದ ಅದಿರಿನ ಆಮ್ಲಜನಕವನ್ನು ಕೀಳುವುದು. ಆಗ ಹೊರಬರುವುದು ಇಂಗಾಲದ ಅನಿಲವಲ್ಲ, ನೀರಾವಿ! ಲುಲಿಯೊ ನಗರದ ಅವರ ಪ್ರಾಯೋಗಿಕ ಘಟಕ 2020ರಲ್ಲಿ ಕೆಲಸ ಆರಂಭಿಸಿತು. 2021ರಲ್ಲಿ ಇಂತಹ ಉಕ್ಕಿನ ಮೊದಲ ಕಂತು ವೋಲ್ವೊ ಕಂಪನಿಗೆ ತಲುಪಿತು.

ಭಾರತ ಇಂದು ಉಕ್ಕು ತಯಾರಿಕೆಯಲ್ಲಿ ಜಗತ್ತಿನಲ್ಲೇ ಎರಡನೆಯ ಸ್ಥಾನದಲ್ಲಿದೆ. ಆದರೆ ನಮ್ಮಲ್ಲಿ ಒಂದು ಟನ್ ಉಕ್ಕಿಗೆ ಸರಾಸರಿ ಸುಮಾರು 2.5 ಟನ್ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಇದು ಜಗತ್ತಿನ ಸರಾಸರಿಗಿಂತ ಹೆಚ್ಚು. 2024ರ ಡಿಸೆಂಬರಿನಲ್ಲಿ ಕೇಂದ್ರ ಉಕ್ಕು ಸಚಿವಾಲಯವು, ಟನ್ನಿಗೆ 2.2 ಟನ್‌ಗಿಂತ ಕಡಿಮೆ ಹೊರಸೂಸುವ ಉಕ್ಕನ್ನು ‘ಹಸಿರು’ ಎಂದು ಗುರುತಿಸಿ, ನಕ್ಷತ್ರಗಳ ಶ್ರೇಣಿ ನೀಡುವ ಕ್ರಮವನ್ನು ಪ್ರಕಟಿಸಿತು. ಶೂನ್ಯ ಇನ್ನೂ ಬಹು ದೂರವಿದೆ ಎಂಬುದು ಈ ಅಂಕಿಯಿಂದಲೇ ತಿಳಿಯುತ್ತದೆ.

ಹಸಿರು ಎಂಬ ಮಾತನ್ನು ಕೇಳಿದ ಕೂಡಲೆ ನಂಬಿಬಿಡಬಾರದು. ಇದ್ದಿಲಿನ ಹಿಂದೆ ಕಾಡು ಇತ್ತು. ಜಲವಿದ್ಯುತ್ತಿನ ಹಿಂದೆ ಶರಾವತಿಯ ಮುಳುಗಡೆ ಇತ್ತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆ, ಹೊಲ ಬಿಟ್ಟು ಬಂದವರ ಮಕ್ಕಳು, ಮೊಮ್ಮಕ್ಕಳು ಭೂಮಿಯ ಹಕ್ಕಿಗಾಗಿ ದಶಕಗಳ ಕಾಲ ಅಲೆದಾಡಿದ್ದಾರೆ. ಜಲಜನಕದ ಹಿಂದೆಯೂ ವಿದ್ಯುತ್ತು, ನೀರು, ನೆಲ ಇವೆ. ಆ ವಿದ್ಯುತ್ತು ಕಲ್ಲಿದ್ದಲಿನಿಂದಲೇ ಬಂದರೆ ಹೊಗೆ ಕಡಿಮೆಯಾಗುವುದಿಲ್ಲ, ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುತ್ತದೆ ಅಷ್ಟೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ನಾಳೆ ಇಂಜಿನಿಯರುಗಳಾಗಿ ಇಂತಹ ಕುಲುಮೆಗಳ ಮುಂದೆ ನಿಲ್ಲುವಿರಿ. ಒಂದು ಟನ್ ಉಕ್ಕಿಗೆ ಖರ್ಚೆಷ್ಟು ಎಂದು ಕೇಳುವಾಗಲೇ, ಆ ಖರ್ಚನ್ನು ತೆರುವವರು ಯಾರು ಎಂದೂ ಕೇಳಿರಿ. ಭದ್ರಾವತಿಯ ಇತಿಹಾಸ ನಮಗೆ ಕಲಿಸುವ ಪಾಠ ಇದೇ.